ಎತ್ತು ಈಯಿತು ಎಂದರು, ಕೊಟ್ಟಿಗೆಗೆ ಕಟ್ಟಿದರು: 1994ರ ಇಸ್ರೋ ಬೇಹುಗಾರಿಕೆ ಪ್ರಕರಣದ ಪಾಠ

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಈ ಗಾದೆ ಕೇಳದ ಊರು ನಮ್ಮಲ್ಲಿಲ್ಲ. ಎತ್ತು ಎಲ್ಲಾದರೂ ಈಯುವುದುಂಟೇ ಎಂದು ಒಂದು ಗಳಿಗೆ ಯೋಚಿಸದೆ, ಕರುವನ್ನು ಎಲ್ಲಿ ಕಟ್ಟುವುದು ಎಂಬ ಚಿಂತೆಗೆ ಬಿದ್ದವರ ಕಥೆ ಅದು.

1994ರ ಕೊನೆಯಲ್ಲಿ ಪಕ್ಕದ ಕೇರಳದಲ್ಲಿ ಹೀಗೆಯೇ ಒಂದು ಎತ್ತು ಈಯಿತು. ಇಸ್ರೋ ವಿಜ್ಞಾನಿಗಳು ದೇಶದ ರಾಕೆಟ್ ಗುಟ್ಟನ್ನು ಪಾಕಿಸ್ತಾನಕ್ಕೆ ಮಾರಿದ್ದಾರೆ ಎಂದು ಪೊಲೀಸರು ಹೇಳಿದರು. ಪತ್ರಿಕೆಗಳು ಬರೆದವು. ಜನ ನಂಬಿದರು. ಒಬ್ಬ ವಿಜ್ಞಾನಿ ಐವತ್ತು ದಿನ ಸೆರೆಯಲ್ಲಿದ್ದರು. ಒಬ್ಬ ಮುಖ್ಯಮಂತ್ರಿಯ ಕುರ್ಚಿ ಹೋಯಿತು. ಬೆಂಗಳೂರಿನ ಇಬ್ಬರ ಬದುಕು ಹಾಳಾಯಿತು. ಕೊನೆಗೆ ನೋಡಿದರೆ ಮಾರಾಟವೇ ನಡೆದಿರಲಿಲ್ಲ.

ಸಿನಿಮಾ ಬಂದ ಮೇಲೆ ಈ ಕಥೆ ಹಲವರಿಗೆ ಗೊತ್ತು. ಆದರೆ ಸಿನಿಮಾದಲ್ಲಿ ನಾಯಕ ಇರುತ್ತಾನೆ, ಖಳನಾಯಕ ಇರುತ್ತಾನೆ, ಸುದ್ದಿ ಬರೆದವರು ಹಿಂದೆ ಎಲ್ಲೋ ನಿಂತಿರುತ್ತಾರೆ. ಈ ಬರಹದಲ್ಲಿ ಅವರನ್ನು ಮುಂದಕ್ಕೆ ಕರೆದು ನೋಡೋಣ. ದೊಡ್ಡವರ ಮೇಲೆ ಒಂದು ಆರೋಪ ಬಂದಾಗ ಸುದ್ದಿ ಬರೆಯುವವರ ಕೆಲಸ ಏನು ಎಂಬುದು ಇಲ್ಲಿನ ಪ್ರಶ್ನೆ.

ಹದಿಮೂರು ದಿನದಲ್ಲಿ ಮೂರು ಘಟನೆ

1994ರ ಅಕ್ಟೋಬರ್ ತಿಂಗಳ ಮೂರು ತಾರೀಖು ನೆನಪಿಡಿ.

ಅಕ್ಟೋಬರ್ 7. ಅಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ತಮಿಳಿನ 'ನಕ್ಕೀರನ್' ಪತ್ರಿಕೆ, ಕೊಲೆ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಆಟೋ ಶಂಕರ್‌ನ ಆತ್ಮಕಥೆಯನ್ನು ಪ್ರಕಟಿಸಲು ಹೊರಟಿತ್ತು. ಅದರಲ್ಲಿ ಅಧಿಕಾರಿಗಳ ಹೆಸರೂ ಬರುತ್ತಿತ್ತು. ಪ್ರಕಟಣೆ ನಿಲ್ಲಿಸುವ ಪ್ರಯತ್ನ ನಡೆಯಿತು. ಮೊದಲೇ ತಡೆ ಹಾಕುವಂತಿಲ್ಲ ಎಂದಿತು ಕೋರ್ಟ್. ಅಷ್ಟೇ ಅಲ್ಲ, ಸರ್ಕಾರಿ ಹುದ್ದೆಯಲ್ಲಿ ಇರುವವರ ಕೆಲಸಕಾರ್ಯದ ಬಗ್ಗೆ ಬರೆದದ್ದರಲ್ಲಿ ತಪ್ಪು ಇದ್ದರೂ, ಬರೆದವರು ತಕ್ಕ ಮಟ್ಟಿಗೆ ವಿಚಾರಿಸಿ, ಪರಿಶೀಲಿಸಿ ಬರೆದಿದ್ದರೆ ಅವರಿಂದ ಪರಿಹಾರ ವಸೂಲು ಮಾಡುವಂತಿಲ್ಲ ಎಂದೂ ಹೇಳಿತು. ಸತ್ಯವೋ ಸುಳ್ಳೋ ಎಂಬ ಪರಿವೆಯೇ ಇಲ್ಲದೆ ಬರೆದಿದ್ದರೆ ಮಾತ್ರ ಆ ರಕ್ಷಣೆ ಇಲ್ಲ.

ಪತ್ರಿಕೆಗಳಿಗೆ ಇದು ದೊಡ್ಡ ಗುರಾಣಿ. ಆದರೆ ಗುರಾಣಿಯ ಜೊತೆ ಒಂದು ಷರತ್ತೂ ಬಂತು: ವಿಚಾರಿಸಿರಬೇಕು.

ಅಕ್ಟೋಬರ್ 15. ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ ಮೊದಲ ಬಾರಿಗೆ ಯಶಸ್ವಿಯಾಗಿ ಹಾರಿತು. ಅದರ ಎರಡನೇ ಹಂತಕ್ಕೆ ಬಲ ಕೊಟ್ಟದ್ದು 'ವಿಕಾಸ್' ಎಂಜಿನ್. ಫ್ರಾನ್ಸ್‌ನವರಿಂದ ಕಲಿತು ಆ ಎಂಜಿನನ್ನು ನಮ್ಮಲ್ಲಿ ಕಟ್ಟಿದ ತಂಡದ ಮುಂದಾಳು ಎಸ್. ನಂಬಿ ನಾರಾಯಣನ್.

ಅಕ್ಟೋಬರ್ 20. ತಿರುವನಂತಪುರದಲ್ಲಿ ಮರಿಯಂ ರಶೀದಾ ಎಂಬ ಮಾಲ್ಡೀವ್ಸ್ ಮಹಿಳೆಯ ಬಂಧನವಾಯಿತು. ವೀಸಾ ಅವಧಿ ಮುಗಿದರೂ ದೇಶದಲ್ಲಿ ಉಳಿದಿದ್ದರು ಎಂಬುದು ಅವರ ಮೇಲಿದ್ದ ದೂರು. ಆ ವರ್ಷ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡು ವಿಮಾನಗಳು ರದ್ದಾಗಿದ್ದವು, ಊರಿಗೆ ಮರಳಲು ಆಗಿರಲಿಲ್ಲ. ಇನ್ನೂ ಕೆಲವು ದಿನ ಇರಲು ಅನುಮತಿ ಕೇಳಿಕೊಂಡು ಅವರೇ ಪೊಲೀಸರ ಬಳಿ ಹೋಗಿದ್ದರು.

ವೀಸಾ ದೂರು ದೇಶದ್ರೋಹವಾಯಿತು

ಮರಿಯಂ ಅವರಿಗೆ ಇಸ್ರೋದ ಡಿ. ಶಶಿಕುಮಾರನ್ ಎಂಬ ವಿಜ್ಞಾನಿಯ ಪರಿಚಯವಿದೆ ಎಂದು ಪೊಲೀಸರಿಗೆ ತಿಳಿಯಿತು. ಅಲ್ಲಿಂದ ಪ್ರಕರಣದ ಬಣ್ಣವೇ ಬದಲಾಯಿತು. ನವೆಂಬರ್ 13ರಂದು ಅಧಿಕೃತ ರಹಸ್ಯ ಕಾಯ್ದೆಯ ಕೆಳಗೆ ಹೊಸ ಕೇಸು ದಾಖಲಾಯಿತು. ಮರಿಯಂ ಅವರ ಗೆಳತಿ ಫೌಜಿಯಾ ಹಸನ್ ಅವರನ್ನೂ ಹಿಡಿದರು. ನಂತರ ಶಶಿಕುಮಾರನ್, ಆಮೇಲೆ ಬೆಂಗಳೂರಿನ ಕೆ. ಚಂದ್ರಶೇಖರ್ ಮತ್ತು ಎಸ್.ಕೆ. ಶರ್ಮಾ. ನವೆಂಬರ್ 30ರಂದು ನಂಬಿ ನಾರಾಯಣನ್.

ಚಂದ್ರಶೇಖರ್ ಅವರು ರಷ್ಯಾದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯ ಪ್ರತಿನಿಧಿಯಾಗಿದ್ದರು. ಶರ್ಮಾ ಕಾರ್ಮಿಕ ಗುತ್ತಿಗೆದಾರರು. ಇಬ್ಬರೂ ಬೆಂಗಳೂರಿನಲ್ಲಿ ನೆಲೆಸಿದವರು.

ಆಗ ವಾಟ್ಸಾಪ್ ಇರಲಿಲ್ಲ. ದಿನವಿಡೀ ಕೂಗುವ ಸುದ್ದಿ ವಾಹಿನಿಗಳೂ ಇರಲಿಲ್ಲ. ಪತ್ರಿಕೆಯೇ ಎಲ್ಲ. ಕೇರಳದಲ್ಲಿ ಪತ್ರಿಕೆ ಓದದ ಮನೆ ಅಪರೂಪ, ಪತ್ರಿಕೆಗಳ ನಡುವೆ ಪೈಪೋಟಿಯೂ ಜೋರು. ಒಬ್ಬರು ಒಂದು ಬರೆದರೆ ಮರುದಿನ ಇನ್ನೊಬ್ಬರು ಅದಕ್ಕಿಂತ ಖಾರವಾದದ್ದನ್ನು ಬರೆಯಬೇಕು. ಇಬ್ಬರು ಹೊರದೇಶದ ಹೆಂಗಸರು, ರಾಕೆಟ್, ಪಾಕಿಸ್ತಾನ, ಹಣ. ಪತ್ರಿಕೆ ಮಾರಾಟಕ್ಕೆ ಇದಕ್ಕಿಂತ ಹೆಚ್ಚೇನು ಬೇಕು? ಆ ಹೆಂಗಸರ ರೂಪ, ನಡತೆಗಳ ಮೇಲೆ ಕಾದಂಬರಿಯ ಶೈಲಿಯಲ್ಲಿ ವಾರಗಟ್ಟಲೆ ವರದಿಗಳು ಬಂದವು. ಅವುಗಳಲ್ಲಿ ಬಹುಪಾಲು ಪೊಲೀಸ್ ಠಾಣೆಯಿಂದ ಸೋರಿ ಬಂದ ಮಾತುಗಳು.

ಯಾರೂ ಕೇಳದ ಪ್ರಶ್ನೆ

ಈಗ ಎತ್ತಿನ ವಿಷಯಕ್ಕೆ ಬರೋಣ.

ಮಾರಿದರು ಎಂದು ಹೇಳಿದ್ದರಲ್ಲಿ ದೊಡ್ಡ ಗುಟ್ಟು ಎಂದರೆ ಕ್ರಯೋಜೆನಿಕ್ ಎಂಜಿನ್‌ನದು. ಇದು ಬಹಳ ತಣ್ಣನೆಯ ಇಂಧನದಿಂದ ನಡೆಯುವ ಎಂಜಿನ್. ಮೈನಸ್ 253 ಡಿಗ್ರಿಯಲ್ಲಿ ದ್ರವವಾಗುವ ಹೈಡ್ರೋಜನ್, ಮೈನಸ್ 183 ಡಿಗ್ರಿಯಲ್ಲಿ ದ್ರವವಾಗುವ ಆಕ್ಸಿಜನ್ ಇದರ ಆಹಾರ. ಭಾರವಾದ ಉಪಗ್ರಹಗಳನ್ನು ಎತ್ತರಕ್ಕೆ ಒಯ್ಯಲು ಇದು ಬೇಕು. ಕಟ್ಟುವುದು ಬಹಳ ಕಷ್ಟ.

1994ರಲ್ಲಿ ಈ ಎಂಜಿನ್ ಭಾರತದ ಬಳಿ ಇತ್ತೇ? ಇರಲಿಲ್ಲ. 1991ರಲ್ಲಿ ಗ್ಲಾವ್‌ಕಾಸ್ಮಾಸ್ ಜೊತೆ ಇಸ್ರೋ ಒಪ್ಪಂದ ಮಾಡಿಕೊಂಡಿತ್ತು. ಎಂಜಿನ್ ಜೊತೆ ತಂತ್ರಜ್ಞಾನವನ್ನೂ ಕೊಡುವುದು ಎಂಬ ಮಾತಿತ್ತು. 1992ರಲ್ಲಿ ಅಮೆರಿಕ ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧ ಹೇರಿತು. 1993ರಲ್ಲಿ ರಷ್ಯಾ ಹಿಂದೆ ಸರಿಯಿತು: ಎಂಜಿನ್ ಕೊಡುತ್ತೇವೆ, ತಂತ್ರಜ್ಞಾನ ಕೊಡುವುದಿಲ್ಲ ಎಂದಿತು. ಇದೆಲ್ಲ ಗುಟ್ಟಾಗಿ ನಡೆದದ್ದಲ್ಲ, ಪತ್ರಿಕೆಗಳಲ್ಲೇ ಬಂದ ಸುದ್ದಿ. ಭಾರತ ತಾನೇ ಕಟ್ಟಿದ ಕ್ರಯೋಜೆನಿಕ್ ಎಂಜಿನ್ ಇರುವ ರಾಕೆಟ್ ಮೊದಲು ಯಶಸ್ವಿಯಾಗಿ ಹಾರಿದ್ದು 2014ರ ಜನವರಿ 5ರಂದು. ಅಂದರೆ ಬಂಧನ ಆಗಿ ಹತ್ತೊಂಬತ್ತು ವರ್ಷ ಕಳೆದ ಮೇಲೆ.

ನಮ್ಮ ಕೈಯಲ್ಲಿ ಇಲ್ಲದ ವಸ್ತುವನ್ನು ನಮ್ಮವರು ಮಾರುವುದು ಹೇಗೆ? ಈ ಪ್ರಶ್ನೆ ಕೇಳಲು ಗುಪ್ತಚರ ಇಲಾಖೆಯ ಕಡತ ಬೇಕಿರಲಿಲ್ಲ. ತಮ್ಮದೇ ಪತ್ರಿಕೆಯ ಹಳೆ ಸಂಚಿಕೆ ತಿರುವಿ ಹಾಕಿದ್ದರೆ ಸಾಕಿತ್ತು. ವಿಕಾಸ್ ಎಂಜಿನ್‌ನ ನಕ್ಷೆ ಮಾರಿದರು ಎಂಬ ಮಾತಿಗೂ ಇದೇ ಬಗೆಯ ಉತ್ತರವಿತ್ತು. ಆ ಎಂಜಿನ್ ಕಲಿಯಲು ನಮ್ಮ ಎಂಜಿನಿಯರ್‌ಗಳು ಫ್ರಾನ್ಸ್‌ನಲ್ಲಿ ವರ್ಷಗಟ್ಟಲೆ ಕೂತು ದುಡಿದಿದ್ದರು. ಬರೀ ಹಾಳೆ ಕೈಗೆ ಸಿಕ್ಕರೆ ಎಂಜಿನ್ ಆಗುವುದಿಲ್ಲ.

ಅನುಮಾನ ಪಟ್ಟ ಪತ್ರಕರ್ತರು ಇರಲಿಲ್ಲ ಎಂದಲ್ಲ. ಜೆ. ರಾಜಶೇಖರನ್ ನಾಯರ್ ಅಂಥವರಲ್ಲಿ ಒಬ್ಬರು, ಮುಂದೆ ಈ ಪ್ರಕರಣದ ಬಗ್ಗೆ ಪುಸ್ತಕವನ್ನೇ ಬರೆದರು. ಆದರೆ ಸಂತೆಯ ಗದ್ದಲದಲ್ಲಿ ಒಂದೆರಡು ದನಿ ಎಷ್ಟು ಕೇಳೀತು?

'ತಪ್ಪೊಪ್ಪಿಕೊಂಡರು' ಎಂಬ ತಲೆಬರಹ

ಪೊಲೀಸರೇ ಹೇಳಿದ ಮೇಲೆ ಪತ್ರಿಕೆಯವರದ್ದೇನು ತಪ್ಪು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ.

ಇದಕ್ಕೆ ಉತ್ತರ ನಮ್ಮ ಕಾನೂನಿನಲ್ಲೇ ಇದೆ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಿನ ಪ್ರಕಾರ, ಪೊಲೀಸರ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಅವನ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ. ಅದರ ಜಾಗಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ನಿಯಮ ಉಳಿದಿದೆ. ಲಾಕಪ್ಪಿನಲ್ಲಿ ಹೆದರಿಸಿ, ಹೊಡೆದು ಏನು ಬೇಕಾದರೂ ಹೇಳಿಸಬಹುದು ಎಂಬುದು ಬ್ರಿಟಿಷರಿಗೇ ಗೊತ್ತಿತ್ತು. ತಮಗೆ ಹಿಂಸೆ ಕೊಟ್ಟರು ಎಂದು ಈ ಪ್ರಕರಣದ ಆರೋಪಿಗಳೂ ಹೇಳುತ್ತಾ ಬಂದರು.

ನ್ಯಾಯಾಧೀಶರು ಕಣ್ಣೆತ್ತಿಯೂ ನೋಡಬಾರದು ಎಂದು ಕಾನೂನು ಹೇಳುವ ಮಾತನ್ನೇ ಪತ್ರಿಕೆಗಳು ಮುಖಪುಟದಲ್ಲಿ ಹಾಕಿದವು. 'ಪೊಲೀಸರು ಹೀಗೆ ಹೇಳುತ್ತಿದ್ದಾರೆ' ಎಂದು ಬರೆಯುವುದು ಬೇರೆ, 'ಹೀಗೆ ನಡೆಯಿತು' ಎಂದು ಬರೆಯುವುದು ಬೇರೆ. ಮೊದಲನೆಯದು ವರದಿ. ಎರಡನೆಯದು ತೀರ್ಪು. ತೀರ್ಪು ಬರೆಯುವ ಅಧಿಕಾರ ವರದಿಗಾರನಿಗೆ ಯಾರೂ ಕೊಟ್ಟಿಲ್ಲ.

ಇನ್ನೊಂದು ಮಾತು. ಒಬ್ಬನೇ ಅಧಿಕಾರಿ ಹತ್ತು ವರದಿಗಾರರಿಗೆ ಒಂದೇ ಕಥೆ ಹೇಳಿದರೆ ಮರುದಿನ ಹತ್ತು ಪತ್ರಿಕೆಯಲ್ಲಿ ಒಂದೇ ಸುದ್ದಿ ಬರುತ್ತದೆ. ಎಲ್ಲ ಪತ್ರಿಕೆಯಲ್ಲೂ ಬಂದಿದೆ, ಸುಳ್ಳಾಗಲು ಸಾಧ್ಯವೇ ಎಂದು ಓದುಗ ಅಂದುಕೊಳ್ಳುತ್ತಾನೆ. ಆದರೆ ಅದು ಹತ್ತು ಸಾಕ್ಷಿಯಲ್ಲ. ಒಂದೇ ಬಾವಿಯ ನೀರು ಹತ್ತು ಕೊಡದಲ್ಲಿ ಬಂದಿದೆ, ಅಷ್ಟೇ.

ಮುಖ್ಯಮಂತ್ರಿಯ ಬಾಗಿಲಿಗೆ

ಪ್ರಕರಣದಲ್ಲಿ ಹಿರಿಯ ಪೊಲೀಸ್ ಅಧಿಕಾರಿ ರಮಣ್ ಶ್ರೀವಾಸ್ತವ ಅವರ ಹೆಸರನ್ನೂ ಎಳೆದು ತಂದರು. ಆಗ ಅವರು ಐಜಿ. ಮುಖ್ಯಮಂತ್ರಿ ಕೆ. ಕರುಣಾಕರನ್ ಅವರಿಗೆ ಹತ್ತಿರದವರು ಎಂಬ ಹೆಸರಿತ್ತು. ದೇಶದ್ರೋಹಿಯನ್ನು ಮುಖ್ಯಮಂತ್ರಿ ಕಾಪಾಡುತ್ತಿದ್ದಾರೆ ಎಂಬ ಕೂಗು ಎದ್ದಿತು. ವಿರೋಧ ಪಕ್ಷದವರು ಮಾತ್ರವಲ್ಲ, ಕಾಂಗ್ರೆಸ್ಸಿನೊಳಗಿನ ಎದುರು ಗುಂಪಿನವರೂ ಇದನ್ನೇ ಹಿಡಿದುಕೊಂಡರು.

ಇಲ್ಲಿ ನಿಂತು ಯೋಚಿಸಬೇಕು. ಮುಖ್ಯಮಂತ್ರಿ ಕುರ್ಚಿಯ ಮೇಲೆ ಕಣ್ಣಿಟ್ಟವರು ಇದ್ದಾಗ, ಪ್ರತಿ ಸೋರಿಕೆ ಸುದ್ದಿಯ ಹಿಂದೆಯೂ ಯಾರದೋ ಲಾಭ ಇರಬಹುದು. ಈ ಮಾತು ನನಗೆ ಯಾಕೆ ಹೇಳುತ್ತಿದ್ದಾರೆ, ಇದರಿಂದ ಇವರಿಗೇನು ಸಿಗುತ್ತದೆ ಎಂದು ವರದಿಗಾರ ಮೊದಲು ತನ್ನನ್ನೇ ಕೇಳಿಕೊಳ್ಳಬೇಕು. ಆ ಪ್ರಶ್ನೆ ಕೇಳದಿದ್ದರೆ ಪತ್ರಿಕೆ ಬೇರೆಯವರ ಕೈಯ ಕೋಲಾಗುತ್ತದೆ.

1995ರ ಮಾರ್ಚ್‌ನಲ್ಲಿ ಕರುಣಾಕರನ್ ರಾಜೀನಾಮೆ ಕೊಟ್ಟರು. ಎ.ಕೆ. ಆಂಟನಿ ಮುಖ್ಯಮಂತ್ರಿಯಾದರು. ಬೇಹುಗಾರಿಕೆಯ ಆರೋಪ ನಿಜವೋ ಸುಳ್ಳೋ ಎಂದು ತನಿಖೆ ಹೇಳುವ ಮೊದಲೇ ಸರ್ಕಾರ ಬದಲಾಗಿಹೋಯಿತು.

ಸತ್ಯ ಬಂದಾಗ ಸಂತೆ ಮುಗಿದಿತ್ತು

1994ರ ಡಿಸೆಂಬರ್‌ನಲ್ಲೇ ತನಿಖೆ ಸಿಬಿಐ ಕೈಗೆ ಹೋಗಿತ್ತು. 1996ರ ಏಪ್ರಿಲ್‌ನಲ್ಲಿ ಸಿಬಿಐ ವರದಿ ಕೊಟ್ಟಿತು. ಆರೋಪ ಸಾಬೀತಾಗಿಲ್ಲ ಎಂದಷ್ಟೇ ಅಲ್ಲ, ಆರೋಪವೇ ಸುಳ್ಳು ಎಂದಿತು. ಮೇ 2ರಂದು ಎರ್ನಾಕುಲಂ ಕೋರ್ಟ್ ಆ ವರದಿಯನ್ನು ಒಪ್ಪಿತು.

ಅಷ್ಟಕ್ಕೆ ಮುಗಿಯಲಿಲ್ಲ. ಹೊಸದಾಗಿ ಬಂದ ರಾಜ್ಯ ಸರ್ಕಾರ ತನ್ನದೇ ಪೊಲೀಸರಿಂದ ಮತ್ತೆ ತನಿಖೆ ಮಾಡಿಸಲು ಹೊರಟಿತು. 1998ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕಾನೂನು ಪುಸ್ತಕಗಳಲ್ಲಿ ಆ ತೀರ್ಪಿನ ಹೆಸರು 'ಕೆ. ಚಂದ್ರಶೇಖರ್ ವಿರುದ್ಧ ಕೇರಳ ರಾಜ್ಯ'. ನಮ್ಮ ಬೆಂಗಳೂರಿನ ಚಂದ್ರಶೇಖರ್ ಅವರದೇ ಹೆಸರು ಅದು. ಮಾಲ್ಡೀವ್ಸ್‌ನ ಆ ಇಬ್ಬರು ಹೆಂಗಸರು ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಮನೆಯಲ್ಲಿ ಕಳೆದಿದ್ದರು.

ನಂಬಿ ನಾರಾಯಣನ್ ಸುಮ್ಮನಾಗಲಿಲ್ಲ. ಕೋರ್ಟಿನಿಂದ ಕೋರ್ಟಿಗೆ ಹೋದರು. 2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ತಪ್ಪು ಎಲ್ಲಿ ಆಯಿತು ಎಂದು ನೋಡಲು ನ್ಯಾಯಮೂರ್ತಿ ಡಿ.ಕೆ. ಜೈನ್ ಅವರ ಸಮಿತಿಯನ್ನು ನೇಮಿಸಿತು. 2019ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ಪರಿಹಾರ ಕೊಟ್ಟದ್ದು ಸರ್ಕಾರ, ಅಂದರೆ ತೆರಿಗೆ ಕಟ್ಟುವ ಜನ. ಸುದ್ದಿ ಮಾರಿ ದುಡಿದ ಪತ್ರಿಕೆಗಳು ಆ ತೀರ್ಪಿನಂತೆ ಒಂದು ರೂಪಾಯಿಯನ್ನೂ ಕೊಡಬೇಕಾಗಿ ಬರಲಿಲ್ಲ. ಪತ್ರಿಕೆಗಳ ಮೇಲೆ ನಿಗಾ ಇಡಲು ಭಾರತೀಯ ಪತ್ರಿಕಾ ಮಂಡಳಿ ಇದೆ. ಆದರೆ ಅದು ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ.

ಬೆಂಗಳೂರಿನ ಇಬ್ಬರು

ನಂಬಿ ನಾರಾಯಣನ್ ದೊಡ್ಡ ವಿಜ್ಞಾನಿ. ಅವರ ಹೆಸರು ಕೊನೆಗಾದರೂ ಮರಳಿ ಬಂತು. ರಮಣ್ ಶ್ರೀವಾಸ್ತವ ಮುಂದೆ ಕೇರಳದ ಡಿಜಿಪಿ ಆದರು. ಕರುಣಾಕರನ್ ಕೇಂದ್ರದಲ್ಲಿ ಮಂತ್ರಿಯಾದರು. ದೊಡ್ಡವರ ಮೇಲಿನ ಸುಳ್ಳು ಆರೋಪದಲ್ಲಿ ಅವರ ಅಕ್ಕಪಕ್ಕ ಸಿಕ್ಕಿಹಾಕಿಕೊಂಡ ಚಿಕ್ಕವರ ಗತಿ ಬೇರೆ.

2018ರ ಆ ತೀರ್ಪು ಬಂದ ದಿನವೇ, ತೀರ್ಪಿಗೆ ಕೆಲವು ಗಂಟೆ ಮೊದಲು, ಚಂದ್ರಶೇಖರ್ ಬೆಂಗಳೂರಿನ ಆಸ್ಪತ್ರೆಯಲ್ಲಿ ಕೋಮಾಕ್ಕೆ ಜಾರಿದರು. ಎರಡು ದಿನದ ನಂತರ ತೀರಿಕೊಂಡರು. ಇಪ್ಪತ್ತನಾಲ್ಕು ವರ್ಷ ಕಾದ ಮಾತು ಅವರ ಕಿವಿಗೆ ಬೀಳಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಶರ್ಮಾ ಕ್ಯಾನ್ಸರ್‌ನಿಂದ ಸತ್ತರು. ತಮಗಾದ ಅನ್ಯಾಯಕ್ಕೆ ಪರಿಹಾರ ಕೇಳಿ ಅವರೂ ಕೋರ್ಟಿಗೆ ಹೋಗಿದ್ದರು.

ಬಂಧನದ ಸುದ್ದಿ ಊರಿಗೆಲ್ಲ ಗೊತ್ತಾಗಿತ್ತು. ಬಿಡುಗಡೆಯ ಸುದ್ದಿ ಎಷ್ಟು ಮನೆಗೆ ತಲುಪಿತು? ತಪ್ಪು ಸುದ್ದಿ ಮುಖಪುಟದಲ್ಲಿ, ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಎಂಬುದು ನಮ್ಮ ಪತ್ರಿಕೋದ್ಯಮದ ಹಳೆಯ ಕಾಯಿಲೆ.

ಹಾಗಾದರೆ ಬಾಯಿ ಮುಚ್ಚಿಕೊಂಡು ಇರಬೇಕೇ?

ಖಂಡಿತ ಇಲ್ಲ. ಕೋರ್ಟ್ ತೀರ್ಪು ಬರುವವರೆಗೆ ಏನೂ ಬರೆಯಬಾರದು ಎಂದರೆ ಅಧಿಕಾರದಲ್ಲಿ ಇರುವವರಿಗೆ ಹಬ್ಬ. ಬೋಫೋರ್ಸ್ ಫಿರಂಗಿ ಖರೀದಿಯಲ್ಲಿ ಲಂಚ ನಡೆದಿದೆ ಎಂದು 1987ರಲ್ಲಿ ಸ್ವೀಡನ್ ರೇಡಿಯೊ ಹೇಳಿತು. ಆಮೇಲೆ 'ದಿ ಹಿಂದೂ' ಪತ್ರಿಕೆ ಅದರ ಬೆನ್ನು ಹತ್ತಿತು. ಚಿತ್ರಾ ಸುಬ್ರಮಣ್ಯಂ, ಎನ್. ರಾಮ್ ದಾಖಲೆಗಳನ್ನು ಹುಡುಕಿ ತಂದರು, 1988ರಿಂದ ಅವುಗಳನ್ನೇ ಪತ್ರಿಕೆಯಲ್ಲಿ ಅಚ್ಚು ಹಾಕಿದರು. ನಂಬಿ ಎಂದು ಕೇಳಲಿಲ್ಲ, ಕಾಗದ ತೋರಿಸಿದರು. ಪ್ರಧಾನಿಯ ಸರ್ಕಾರವನ್ನೇ ಎದುರು ಹಾಕಿಕೊಂಡ ಸುದ್ದಿ ಅದು.

ವಿಚಾರಿಸುವುದು ಎಂದರೆ ಹೆದರುವುದಲ್ಲ. ವಿಚಾರಿಸಿ ಬರೆದವನಿಗೆ ಹೆದರುವ ಕಾರಣವೇ ಕಡಿಮೆ. ಸುಪ್ರೀಂ ಕೋರ್ಟ್ ಕೊಟ್ಟ ಗುರಾಣಿಯೂ ಅವನಿಗೇ.

ಅದೇ ತಕ್ಕಡಿ, ಈಗಲೂ

ಕಥೆಯ ಕೊನೆಯ ಭಾಗ ನಮ್ಮ ಫೋನಿನಲ್ಲಿ ನಡೆಯುತ್ತಿದೆ.

ನಂಬಿ ನಾರಾಯಣನ್ ಅವರ ಮೇಲಿನ ಕೇಸು ಅಮೆರಿಕದ ಗುಪ್ತಚರ ಸಂಸ್ಥೆಯ ಸಂಚು ಎಂಬ ಸಂದೇಶ ನಿಮಗೂ ಬಂದಿರಬಹುದು. ಅಮೆರಿಕ ರಷ್ಯಾದ ಒಪ್ಪಂದವನ್ನು ತಡೆದದ್ದು ದಾಖಲೆಯಲ್ಲಿರುವ ಸತ್ಯ. ತಿರುವನಂತಪುರದ ಬಂಧನಗಳ ಹಿಂದೆ ಅದರ ಕೈ ಇತ್ತು ಎಂಬುದು ಅನುಮಾನ. ಯಾವ ಕೋರ್ಟಿನಲ್ಲೂ ಅದು ಸಾಬೀತಾಗಿಲ್ಲ. ಮೊದಲನೆಯದು ನಿಜ ಎಂದ ಮಾತ್ರಕ್ಕೆ ಎರಡನೆಯದೂ ನಿಜವಾಗುವುದಿಲ್ಲ.

ಜೈನ್ ಸಮಿತಿಯ ವರದಿ ಬಂದ ಮೇಲೆ ಸಿಬಿಐ ತನಿಖೆ ನಡೆಯಿತು. 2024ರಲ್ಲಿ ಐವರು ಮಾಜಿ ಪೊಲೀಸ್ ಮತ್ತು ಗುಪ್ತಚರ ಅಧಿಕಾರಿಗಳ ಮೇಲೆ ಆರೋಪಪಟ್ಟಿ ಸಲ್ಲಿಕೆಯಾಯಿತು. ಅವರ ಫೋಟೊ ಹಾಕಿ, ದೇಶದ್ರೋಹಿಗಳು ಇವರೇ ಎಂದು ಬರೆದು ಹಂಚುವವರಿದ್ದಾರೆ. ಒಂದು ಗಳಿಗೆ ತಡೆಯಿರಿ. ಆರೋಪಪಟ್ಟಿ ಎಂಬುದು ತೀರ್ಪಲ್ಲ. 1994ರಲ್ಲಿ ನಂಬಿ ನಾರಾಯಣನ್ ಅವರಿಗೆ ಯಾವ ನ್ಯಾಯ ಸಿಗಬೇಕಿತ್ತೋ ಅದೇ ನ್ಯಾಯ ಈ ಅಧಿಕಾರಿಗಳಿಗೂ ಸಲ್ಲಬೇಕು. ನಮಗೆ ಬೇಕಾದವರಿಗೆ ಒಂದು ತಕ್ಕಡಿ, ಬೇಡವಾದವರಿಗೆ ಇನ್ನೊಂದು ಎಂದಾದರೆ, ಆ ಪ್ರಕರಣದಿಂದ ನಾವು ಕಲಿತದ್ದು ಏನೂ ಇಲ್ಲ.

ಇವತ್ತು ಪತ್ರಿಕೆ ಅಚ್ಚು ಹಾಕುವ ಯಂತ್ರ ಪ್ರತಿಯೊಬ್ಬರ ಅಂಗೈಯಲ್ಲಿದೆ. ನಮ್ಮ ಪಂಚಾಯ್ತಿ ಅಧ್ಯಕ್ಷರ ಮೇಲೆ, ಶಾಲೆಯ ಮುಖ್ಯೋಪಾಧ್ಯಾಯರ ಮೇಲೆ, ಸೊಸೈಟಿ ಕಾರ್ಯದರ್ಶಿಯ ಮೇಲೆ ಏನಾದರೊಂದು ಬಂದಾಗ ಹಂಚುವ ಮೊದಲು ನಾಲ್ಕು ಮಾತು ಕೇಳಿಕೊಳ್ಳಿ.

ಇದನ್ನು ಮೊದಲು ಹೇಳಿದವರು ಯಾರು, ಅವರಿಗೆ ಇದರಿಂದ ಲಾಭವೇನು?

ಕಾಗದಪತ್ರ ಇದೆಯೇ, ಇಲ್ಲವೇ 'ಯಾರೋ ಹೇಳಿದರು' ಮಾತ್ರವೇ? ನರೇಗಾ ಹಣ ತಿಂದರು ಎಂದರೆ, ಕೆಲಸದ ಲೆಕ್ಕ ಇಂಟರ್‌ನೆಟ್‌ನಲ್ಲೇ ಸಿಗುತ್ತದೆ. ಬೇರೆ ದಾಖಲೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು.

ಆರೋಪ ಹೊತ್ತವರು ಏನು ಹೇಳುತ್ತಾರೆ? ಅವರ ಮಾತು ಸುದ್ದಿಯಲ್ಲಿ ಇದೆಯೇ?

ಕೊನೆಯದು, ಎಲ್ಲಕ್ಕಿಂತ ಸುಲಭವಾದದ್ದು: ಹೇಳಿದ್ದು ನಡೆಯಲು ಸಾಧ್ಯವೇ?

1994ರಲ್ಲಿ ಈ ಕೊನೆಯ ಪ್ರಶ್ನೆಯೊಂದನ್ನು ಮೊದಲ ವಾರದಲ್ಲೇ ಗಟ್ಟಿಯಾಗಿ ಕೇಳಿದ್ದರೂ ಸಾಕಿತ್ತು. ಉತ್ತರಕ್ಕೆ ಸುಮಾರು ಒಂದೂವರೆ ವರ್ಷ ಸಿಬಿಐಗೆ ಕಾಯಬೇಕಿರಲಿಲ್ಲ.